ಎಂಜಿನಿಯರಿಗೆ ಲಾ ಫರ್ಮ್‌ನಲ್ಲೇನು ಕೆಲಸ?

ಬಿ.ಇ. ಓದುವವರಿಗೆ ಆರನೇ ಸೆಮಿಸ್ಟರ್ ಬಂತೆಂದರೆ ಕ್ಲಾಸಿನಲ್ಲಿ, ಕ್ಯಾಂಟೀನ್‌ನಲ್ಲಿ, ಹಾಸ್ಟೆಲ್ ಮೆಟ್ಟಿಲ ಮೇಲೆ ಒಂದೇ ಪ್ರಶ್ನೆ: ಇಂಟರ್ನ್‌ಶಿಪ್ ಎಲ್ಲಿ? ವಿಟಿಯುನ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ, ಅದಕ್ಕೆ 10 ಕ್ರೆಡಿಟ್. ಅಂದರೆ ಅದಿಲ್ಲದೆ ಡಿಗ್ರಿ ಇಲ್ಲ. ಬೆಂಗಳೂರಿನ ಹುಡುಗರಿಗೆ ಇದು ಮನೆಯಿಂದ ಮೆಟ್ರೊ ಹತ್ತಿ ಹೋಗುವ ವಿಷಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ವಿಜಯಪುರದಲ್ಲಿ ರೂಮು ಮಾಡಿಕೊಂಡು ಓದುವ ನಮಗೆ ಮಾತ್ರ ಇದು ಬೇರೆಯದೇ ಲೆಕ್ಕ.

ನಮ್ಮ ಸುತ್ತ ಕೆಲಸವೇ ಇಲ್ಲ ಅಂತಲ್ಲ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ ಇದೆ. ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಇದೆ. ಭೀಮಾ ತೀರದ ಉದ್ದಕ್ಕೂ ಸಕ್ಕರೆ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ಆದರೆ ಇಡೀ ಜಿಲ್ಲೆಯ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಹುಡುಗರೆಲ್ಲ ಆ ನಾಲ್ಕು ಗೇಟುಗಳ ಮುಂದೆ ನಿಂತರೆ ಎಷ್ಟು ಜನರಿಗೆ ಸಿಕ್ಕೀತು? ನನ್ನದು ಎಲೆಕ್ಟ್ರಾನಿಕ್ಸ್. ನಮ್ಮ ಪಾಲಿಗೆ ಉಳಿಯುವುದು ಮೊಬೈಲಿಗೆ ಬರುವ ಜಾಹೀರಾತು.

ಆ ಜಾಹೀರಾತುಗಳ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ‘ಒಂದು ತಿಂಗಳ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ, ಪ್ಲೇಸ್‌ಮೆಂಟ್ ಸಹಾಯ’ ಎಂದು ಒಬ್ಬರು ನನಗೆ ಫೋನ್ ಮಾಡಿದರು. ಶುಲ್ಕ 6,000 ರೂಪಾಯಿ. ಏನು ಕೆಲಸ ಮಾಡಿಸುತ್ತೀರಿ ಎಂದು ಕೇಳಿದೆ. ‘ವಿಡಿಯೊ ಕಳಿಸ್ತೇವೆ ಮೇಡಂ, ನೋಡಿ ಕ್ವಿಜ್ ಬರೆದರಾಯ್ತು’ ಅಂದರು. ದುಡಿಯುವವರು ನಾವು, ದುಡ್ಡು ಕೊಡುವವರೂ ನಾವೇ! ನಮ್ಮ ಬ್ಯಾಚಿನಲ್ಲಿ ಹೀಗೆ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ದೂರಲು ಮನಸ್ಸಾಗುವುದಿಲ್ಲ. ಕ್ರೆಡಿಟ್ ಬೇಕು, ದಿನ ಕಳೆಯುತ್ತಿದೆ, ಬೇರೆ ದಾರಿ ಹೇಳಿಕೊಡುವವರು ಇಲ್ಲ.

ನನಗೆ ಬೇರೆ ದಾರಿ ಕಂಡದ್ದು ಲಿಂಬಿಕಾಯಿಯಿಂದ.

ನಮ್ಮದು ಇಂಡಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಎರಡು ಎಕರೆ ಲಿಂಬಿ ತೋಟ. ಕಿತ್ತ ಕಾಯಿಯನ್ನು ಗಾತ್ರ, ಬಣ್ಣ ನೋಡಿ ಬೇರೆ ಮಾಡುವುದು ಅವ್ವ ಮತ್ತು ಓಣಿಯ ಹೆಂಗಸರ ಕೆಲಸ. ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಸೇರಿ ಕ್ಯಾಮೆರಾ ಇಟ್ಟು ಲಿಂಬಿಕಾಯಿ ವಿಂಗಡಿಸುವ ಸಣ್ಣ ಯಂತ್ರ ಮಾಡಲು ಹೊರಟೆವು. ಗೈಡ್ ಸರ್ ಕೇಳಿದ ಮೊದಲ ಪ್ರಶ್ನೆ: ‘ಇದನ್ನ ಈಗಾಗಲೇ ಯಾರ್ಯಾರು ಮಾಡ್ಯಾರ, ನೋಡೀರೇನು?’ ಪೇಪರ್ ಹುಡುಕಿದೆವು. ಸಾಲದು, ಪೇಟೆಂಟ್ ಹುಡುಕಿ ಎಂದರು.

ಪೇಟೆಂಟ್ ಅಂದರೆ ಸರ್ಕಾರ ಬೀಗ ಹಾಕಿ ಇಟ್ಟ ರಹಸ್ಯ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇರುವುದು ತಿರುವುಮುರುವು. ಅರ್ಜಿ ಹಾಕಿದ 18 ತಿಂಗಳಿಗೆ ಅದು ಪ್ರಕಟವಾಗುತ್ತದೆ. ಭಾರತದ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ‘ನನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಲೋಕಕ್ಕೆಲ್ಲ ಹೇಳುತ್ತೇನೆ, ಬದಲಿಗೆ 20 ವರ್ಷ ಅದರ ಹಕ್ಕು ನನಗೆ ಕೊಡಿ’ ಎನ್ನುವುದೇ ಆ ಒಪ್ಪಂದ. ಹಣ್ಣು, ಕಾಯಿ, ಬೀಜ, ಪಾರ್ಸೆಲ್ ಹೀಗೆ ಒಂದೊಂದನ್ನೇ ಪರೀಕ್ಷಿಸಿ ವಿಂಗಡಿಸುವ ಯಂತ್ರಗಳಿಗೆ ಜಗತ್ತಿನಾದ್ಯಂತ ಒಂದೇ ವರ್ಗ ಸಂಖ್ಯೆ, ‘ಬಿ07ಸಿ’. ಅದನ್ನು ಹಾಕಿ ಹುಡುಕಿದಾಗ ಜಪಾನಿನ ಕಿತ್ತಳೆಯಿಂದ ಹಿಡಿದು ಅಮೆರಿಕದ ಆಲೂಗಡ್ಡೆವರೆಗೆ ಸಾಲು ಸಾಲು ಬಂದವು. ಒಂದು ವಾರ ಓದಿದ್ದೇ ಓದಿದ್ದು.

ಪ್ರತಿ ಪೇಟೆಂಟಿನ ಕೊನೆಗೆ ‘ಕ್ಲೇಮ್’ ಎಂಬ ಭಾಗ ಇರುತ್ತದೆ. ಒಂದೊಂದು ಕ್ಲೇಮ್ ಒಂದೇ ವಾಕ್ಯ, ಕೆಲವು ಅರ್ಧ ಪುಟ ಉದ್ದ. ಮೊದಲು ಓದಿದಾಗ ತಲೆ ಬುಡ ತಿಳಿಯುವುದಿಲ್ಲ. ಸರ್ ಒಂದು ಹೋಲಿಕೆ ಕೊಟ್ಟರು: ಅದು ಹೊಲದ ಬದು ಇದ್ದಂತೆ. ಬದುವಿನ ಒಳಗಿನದು ನಿನ್ನದು, ಹೊರಗಿನದು ಊರಿನದು. ಬದು ಒಳಗೆ ಸರಿದರೆ ನಿನಗೆ ನಷ್ಟ, ಹೊರಗೆ ಸರಿದರೆ ಪಕ್ಕದ ಹೊಲದವ ಜಗಳಕ್ಕೆ ಬರುತ್ತಾನೆ. ‘ಸಾಗಣೆ ಪಟ್ಟಿ’ ಎನ್ನುವುದಕ್ಕೂ ‘ಸಾಗಿಸುವ ಸಾಧನ’ ಎನ್ನುವುದಕ್ಕೂ ಇರುವ ವ್ಯತ್ಯಾಸದಲ್ಲಿ ಲಕ್ಷಾಂತರ ರೂಪಾಯಿ ಅಡಗಿರುತ್ತದೆ. ಇದನ್ನು ಬರೆಯುವವರು ಯಾರು ಎಂದು ಹುಡುಕಿದಾಗ ಸಿಕ್ಕ ಉತ್ತರ ನನ್ನನ್ನು ಬೆರಗುಗೊಳಿಸಿತು. ಲಾ ಫರ್ಮ್‌ಗಳಲ್ಲಿ ಕುಳಿತ ಎಂಜಿನಿಯರ್‌ಗಳು.

ವಕೀಲರ ಕಚೇರಿಯ ಇನ್ನೊಂದು ಬಾಗಿಲು

ಲಾ ಫರ್ಮ್ ಎಂದರೆ ನಮ್ಮ ತಾಲ್ಲೂಕು ಕೋರ್ಟಿನ ಎದುರಿನ ವಕೀಲರ ಆಫೀಸಿನಂತೆ ಅಲ್ಲ. ಕಂಪನಿಗಳ ಒಪ್ಪಂದ, ಸಾಲ, ತೆರಿಗೆ, ಟ್ರೇಡ್‌ಮಾರ್ಕ್, ಪೇಟೆಂಟ್ ಇವನ್ನೆಲ್ಲ ನೋಡಿಕೊಳ್ಳಲು ಹತ್ತಾರು, ನೂರಾರು ವಕೀಲರು ಸೇರಿ ನಡೆಸುವ ಸಂಸ್ಥೆ. ದೊಡ್ಡವು ಮುಂಬೈ, ದೆಹಲಿ, ಬೆಂಗಳೂರಿನಲ್ಲಿ ಇವೆ. ಪೇಟೆಂಟ್ ನೋಡುವ ಫರ್ಮ್‌ಗಳಲ್ಲಿ ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಪ್ರತ್ಯೇಕ ಜಾಗ ಇರುತ್ತದೆ. ಪೇಟೆಂಟ್ ಅನಲಿಸ್ಟ್, ಟೆಕ್ನಿಕಲ್ ಅಸೋಸಿಯೇಟ್ ಹೀಗೆ ಹೆಸರು ಬೇರೆ ಬೇರೆ. ಕಾರಣ ಸರಳ. ಮೋಟಾರ್ ತಿರುಗುವುದು ಹೇಗೆ ಎಂದು ಗೊತ್ತಿಲ್ಲದವರು ಮೋಟಾರಿನ ಬದು ಹಾಕಲಾರರು.

ಕಾನೂನೇ ಇದಕ್ಕೆ ಅವಕಾಶ ಕೊಟ್ಟಿದೆ. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಂ ಪ್ರಕಾರ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಪಡೆದ, 21 ವರ್ಷ ತುಂಬಿದ ಭಾರತೀಯರು ಒಂದು ಪರೀಕ್ಷೆ ಪಾಸಾದರೆ ‘ಪೇಟೆಂಟ್ ಏಜೆಂಟ್’ ಆಗಬಹುದು. ಎಲ್‌ಎಲ್‌ಬಿ ಬೇಕಿಲ್ಲ. ತಲಾ 100 ಅಂಕದ ಎರಡು ಪತ್ರಿಕೆ, 50 ಅಂಕದ ಮೌಖಿಕ ಪರೀಕ್ಷೆ. ಮೊದಲ ಪತ್ರಿಕೆ ಕಾಯ್ದೆ ಮತ್ತು ನಿಯಮಗಳದು, ಎರಡನೆಯದು ಪೇಟೆಂಟ್ ಬರೆಯುವುದರದು. ಎರಡರಲ್ಲೂ ಕನಿಷ್ಠ ಶೇ 50, ಒಟ್ಟಾರೆ ಶೇ 60 ಬರಬೇಕು. ಈ ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುವುದಿಲ್ಲ ಎನ್ನುವುದೊಂದು ತೊಂದರೆ. ಪಾಸಾದವರು ಪೇಟೆಂಟ್ ಕಚೇರಿಯ ಮುಂದೆ ಅರ್ಜಿದಾರರ ಪರ ಕೆಲಸ ಮಾಡಬಹುದು. ಕೋರ್ಟಿನಲ್ಲಿ ವಾದಿಸಬೇಕೆಂದರೆ ಮಾತ್ರ ಮತ್ತೆ ಮೂರು ವರ್ಷ ಎಲ್‌ಎಲ್‌ಬಿ ಓದಬೇಕು. ನನಗೆ ಇನ್ನೂ ಇಪ್ಪತ್ತು, ಹಾಗಾಗಿ ಸದ್ಯಕ್ಕೆ ಕಾಯ್ದೆಯ ಪ್ರಕಾರ ನಾನು ಸಣ್ಣವಳು.

ಕೆಲಸ ಇದೆಯೇ? 2023ರ ಮಾರ್ಚ್ ಮಧ್ಯದಿಂದ ಒಂದು ವರ್ಷದಲ್ಲಿ ಭಾರತದ ಪೇಟೆಂಟ್ ಕಚೇರಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟಿದೆ. ಒಂದೊಂದರ ಹಿಂದೆಯೂ ಹುಡುಕಾಟ, ಬರವಣಿಗೆ, ಪರೀಕ್ಷಕರ ಆಕ್ಷೇಪಣೆಗೆ ಉತ್ತರ, ಹೀಗೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅರ್ಜಿಗಳೆಲ್ಲ ಆನ್‌ಲೈನ್ ಆಗಿರುವುದರಿಂದ ಬರೆಯುವವರು ಎಲ್ಲಿ ಕುಳಿತರೂ ನಡೆಯುತ್ತದೆ. ಇಂಡಿಯಲ್ಲಿ ಕುಳಿತರೂ ನಡೆಯಬೇಕಲ್ಲ ಎಂದು ನನ್ನ ಮನಸ್ಸು ಮೊದಲು ಓಡಿದ್ದು ಅಲ್ಲಿಗೇ.

ನಾಲ್ಕು ತಾಲ್ಲೂಕಿನ ಒಂದು ಪಟ್ಟಿ

ಅರ್ಜಿ ಹಾಕಲು ಕುಳಿತವರು ನಾವು ನಾಲ್ವರು. ಹಾಸ್ಟೆಲ್‌ಗಳಲ್ಲಿ ಹೆಸರಿಗಿಂತ ಊರಿನಿಂದ ಕರೆಯುವುದು ಹೆಚ್ಚು, ಅದರಂತೆಯೇ ಹೇಳುತ್ತೇನೆ. ಸಿಂದಗಿಯಾಕೆ ಐದು ವರ್ಷದ ಕಾನೂನು ಪದವಿ ಓದುತ್ತಾಳೆ. ಮುದ್ದೇಬಿಹಾಳದವ ಮೆಕ್ಯಾನಿಕಲ್, ನನ್ನ ಸೆಮಿಸ್ಟರೇ. ಬಾಗೇವಾಡಿಯಾಕೆ ಬಿ.ಕಾಂ ಮುಗಿಸಿ ಕಂಪನಿ ಸೆಕ್ರೆಟರಿ ಪರೀಕ್ಷೆಗೆ ಓದುತ್ತಿದ್ದಾಳೆ. ನಾಲ್ವರಿಗೂ ಲಾ ಫರ್ಮ್ ಬೇಕು, ನಾಲ್ವರಿಗೂ ಬೇರೆ ಬೇರೆ ಬಾಗಿಲು.

ಸಿಂದಗಿಯಾಕೆಗೆ ಇದು ಕಡ್ಡಾಯವೇ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಅವಳು ಮೊದಲ ವರ್ಷಗಳಲ್ಲಿ ಸಿಂದಗಿ ಕೋರ್ಟಿನಲ್ಲೇ ಹಿರಿಯ ವಕೀಲರೊಬ್ಬರ ಹತ್ತಿರ ಕಲಿತಳು. ಕಂಪನಿ ಕಾನೂನಿನ ಫರ್ಮ್‌ಗೆ ಬರೆದಾಗ ಕೇಳಿಬಂದ ಮಾತು, ‘ನೀವು ಯಾವ ಲಾ ಸ್ಕೂಲ್?’ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಫರ್ಮ್‌ಗಳೇ ಕ್ಯಾಂಪಸ್ಸಿಗೆ ಬಂದು ಮಕ್ಕಳನ್ನು ಆರಿಸಿಕೊಂಡು ಹೋಗುತ್ತವೆ. ವಿಜಯಪುರಕ್ಕೆ ಯಾರೂ ಬರುವುದಿಲ್ಲ. ಇಂಗ್ಲೆಂಡಿನ ದೊಡ್ಡ ಫರ್ಮ್‌ಗಳು ರಜೆಯಲ್ಲಿ ಕೆಲವು ವಾರ ಸಂಬಳ ಕೊಟ್ಟು ವಿದ್ಯಾರ್ಥಿಗಳಿಗೆ ಕೆಲಸ ಕಲಿಸುತ್ತವೆ, ಅದರಲ್ಲಿ ಚೆನ್ನಾಗಿ ಮಾಡಿದವರನ್ನು ಎರಡು ವರ್ಷದ ತರಬೇತಿಗೆ ತೆಗೆದುಕೊಳ್ಳುತ್ತವೆ, ಕಾನೂನು ಓದದವರಿಗೂ ಅಲ್ಲಿ ಜಾಗ ಇದೆ ಎಂದು ಅವಳೇ ಓದಿ ಹೇಳಿದಳು. ‘ಅಲ್ಲಿ ಅರ್ಜಿಗೆ ಕೊನೆ ದಿನ ಅಂತ ಒಂದು ಇರ್ತದ. ಇಲ್ಲಿ ಯಾವಾಗ ಬರೀಬೇಕು ಅನ್ನೋದೇ ಗೊತ್ತಾಗಂಗಿಲ್ಲ’ ಎಂಬುದು ಅವಳ ಹೊಟ್ಟೆಉರಿ.

ಅದು ನಿಜ. ಕೆಲವು ಫರ್ಮ್‌ಗಳ ಜಾಲತಾಣದಲ್ಲಿ ಇಂಟರ್ನ್‌ಶಿಪ್‌ಗೆಂದೇ ಫಾರ್ಮ್ ಇದೆ, ಕೆಲವು ಕಡೆ ಬರೀ ಒಂದು ಇ–ಮೇಲ್ ವಿಳಾಸ. ಆರು ತಿಂಗಳು ಮುಂಚೆ ಬರೆಯಿರಿ ಎನ್ನುವವರೂ ಇದ್ದಾರೆ. ನಾವು ಒಂದು ಶೀಟ್ ಮಾಡಿ, ಫರ್ಮ್, ಊರು, ಯಾವ ಕೆಲಸ, ಯಾರಿಗೆ ಬರೆಯಬೇಕು, ಬರೆದ ದಿನ, ಉತ್ತರ ಎಂದು ಕಾಲಂ ಹಾಕಿದೆವು. ಮುದ್ದೇಬಿಹಾಳದವ ಕೊನೆಗೆ ‘ಸ್ಟೈಪೆಂಡ್’ ಎಂಬ ಕಾಲಂ ಸೇರಿಸಿದ. ಅವನಿಗೆ ಅದೇ ಮೊದಲ ಕಾಲಂ.

ಹಾಸ್ಟೆಲ್‌ನಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಒಂದು ನಮೂನೆ ಪತ್ರ ಇದೆ. ‘ನಾನು ಶ್ರಮಜೀವಿ, ಬೇಗ ಕಲಿಯುವವನು, ತಂಡದಲ್ಲಿ ಬೆರೆಯುವವನು, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ...’ ಎಂದು ಶುರುವಾಗುವ ಪತ್ರ. ಮದುವೆ ಕಾರ್ಡಿನಂತೆ, ಹೆಸರು ಬದಲಾದರೆ ಎಲ್ಲರಿಗೂ ಒಂದೇ. ಬಾಗೇವಾಡಿಯಾಕೆ ಅದನ್ನು ಓದಿ, ‘ಇದರಾಗ ನಿನ್ನ ಬಗ್ಗೆ ಏನದ?’ ಎಂದು ಕೇಳಿದಳು. ಅವಳ ಪ್ರಶ್ನೆಯಿಂದ ನಮ್ಮ ಪತ್ರಗಳ ಸ್ವರೂಪವೇ ಬದಲಾಯಿತು. ನಾನು ಬರೆದದ್ದು ಇಷ್ಟು: ಲಿಂಬಿಕಾಯಿ ವಿಂಗಡಿಸುವ ಯಂತ್ರ ಮಾಡಿದ್ದೇವೆ, ಅದಕ್ಕಾಗಿ ‘ಬಿ07ಸಿ’ ವರ್ಗದಲ್ಲಿ 40 ಪೇಟೆಂಟ್ ಓದಿದ್ದೇನೆ, ಅವುಗಳಲ್ಲಿ ನಮ್ಮ ಯಂತ್ರಕ್ಕೆ ಹತ್ತಿರ ಇರುವ ಮೂರನ್ನು ಹೋಲಿಸಿ ಎರಡು ಪುಟ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಆರು ವಾರ ಬಿಡುವಿದೆ. ಪತ್ರ ಹತ್ತು ಸಾಲು ದಾಟಲಿಲ್ಲ. ರೆಸ್ಯೂಮೆ ಒಂದೇ ಪುಟ. ಎಸ್ಸೆಸ್ಸೆಲ್ಸಿಯ ರಂಗೋಲಿ ಬಹುಮಾನ ತೆಗೆದುಹಾಕಿದೆ, ಅವ್ವನಿಗೆ ಬೇಜಾರಾಯಿತು.

ನಾನು ಕಳಿಸಿದ ಮೇಲ್ 31. ಉತ್ತರ ಬಂದದ್ದು ನಾಲ್ಕು. ಎರಡು ‘ಸದ್ಯಕ್ಕೆ ಜಾಗ ಇಲ್ಲ’, ಒಂದು ‘ನಾವು ಕಾನೂನು ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ’. ನಾಲ್ಕನೆಯದು ಬೆಂಗಳೂರಿನ ಮಧ್ಯಮ ಗಾತ್ರದ ಫರ್ಮಿನದು: ಒಂದು ಸಣ್ಣ ಪರೀಕ್ಷೆ ಕಳಿಸುತ್ತೇವೆ, 48 ಗಂಟೆಯಲ್ಲಿ ಬರೆದು ಕೊಡಿ. ಉಳಿದ 27 ಮಂದಿ ಏನೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿದೆ, ಆಮೇಲೆ ಬಿಟ್ಟೆ. ಉತ್ತರ ಬಾರದ ಮೇಲ್‌ಗೆ ಮರ್ಯಾದೆ ಕಳೆದುಕೊಂಡಂತೆ ಮುಖ ಸಪ್ಪಗೆ ಮಾಡಿಕೊಳ್ಳುವ ಗೆಳೆಯರನ್ನು ನೋಡಿದ್ದೇನೆ. ನೂರಾರು ಅರ್ಜಿ ಬರುವ ಕಡೆ ಅದನ್ನು ತೆರೆದಿರಲಿಕ್ಕೂ ಇಲ್ಲ.

ಪರೀಕ್ಷೆ ಬಂದಾಗ ನಾನು ಊರಿನಲ್ಲಿದ್ದೆ. ನೀರಿನ ಕ್ಯಾನಿಗೆ ಹಾಕುವ ನಲ್ಲಿಯೊಂದರ ಎರಡು ಪುಟದ ವಿವರಣೆ, ಜೊತೆಗೆ ಹಳೆಯ ಎರಡು ಪೇಟೆಂಟ್. ಇದು ಅವುಗಳಿಗಿಂತ ಹೇಗೆ ಬೇರೆ, ಮೊದಲ ಕ್ಲೇಮ್ ಹೇಗೆ ಬರೆಯುತ್ತೀರಿ ಎಂಬುದೇ ಪ್ರಶ್ನೆ. ಪೇಟೆಂಟ್ ಸಿಗಲು ಮೂರು ಸಂಗತಿ ಬೇಕು: ಹೊಸದಾಗಿರಬೇಕು, ಆ ವಿದ್ಯೆ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು, ಉದ್ಯಮದಲ್ಲಿ ಬಳಸಲು ಬರಬೇಕು. ಮನೆಯ ಅಡುಗೆಕೋಣೆಯ ಕ್ಯಾನ್ ಬಿಚ್ಚಿ ನಲ್ಲಿ ಕೈಗೆ ತೆಗೆದುಕೊಂಡು ಕುಳಿತೆ. ಸ್ಪ್ರಿಂಗ್ ಎಲ್ಲಿ ಕೂರುತ್ತದೆ, ವಾಷರ್ ಯಾಕೆ ಬೇಗ ಸವೆಯುತ್ತದೆ ಎಂದು ಅಪ್ಪನೇ ಬಂದು ತೋರಿಸಿದ. ಪಂಪ್‌ಸೆಟ್ ರಿಪೇರಿ ಮಾಡಿ ಮಾಡಿ ಅವನಿಗೆ ಅದು ನೀರು ಕುಡಿದಷ್ಟು ಸುಲಭ. ಎಂಟು ಸಲ ಬರೆದೆ, ಎಂಟನೆಯದನ್ನು ಕಳಿಸಿದೆ.

ಸಂದರ್ಶನ ವಿಡಿಯೊ ಕರೆಯಲ್ಲಿ, ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ. ನನ್ನ ಇಂಗ್ಲಿಷು ಕನ್ನಡ ಮಾಧ್ಯಮದ್ದು, ತಡವರಿಸುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಲಿಂಬಿ ಯಂತ್ರದ ಮೇಲೆಯೇ ಪ್ರಶ್ನೆ ಬಂದವು. ‘ನಿಮ್ಮ ಯಂತ್ರದ ಜೀವ ಇರುವುದು ಸಾಫ್ಟ್‌ವೇರ್‌ನಲ್ಲಿ. ನಮ್ಮ ಕಾಯ್ದೆಯಲ್ಲಿ ಅದಕ್ಕೆ ಪೇಟೆಂಟ್ ಸಿಗುತ್ತದೆಯೇ?’ ಎಂದರು. ಕಾಯ್ದೆಯ 3(ಕೆ) ಕಲಂ ಬರೀ ಕಂಪ್ಯೂಟರ್ ಪ್ರೋಗ್ರಾಮನ್ನು, ಗಣಿತದ ವಿಧಾನವನ್ನು ಆವಿಷ್ಕಾರ ಎಂದು ಒಪ್ಪುವುದಿಲ್ಲ. ಹಾಗಾಗಿ ಕಾಯಿ ಉರುಳುವ ತೊಟ್ಟಿ, ಕ್ಯಾಮೆರಾ ಕೂರಿಸಿದ ಕೋನ, ಬಾಗಿಲು ತೆರೆಯುವ ಸಮಯ ಇವುಗಳ ಜೋಡಣೆಯ ಸುತ್ತ ಬರೆಯಬೇಕಾಗುತ್ತದೆ ಎಂದೆ. ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, 40 ಪೇಟೆಂಟ್ ಓದಿದ್ದು ಇಲ್ಲಿ ಬಂದಿತು. ಮೂರನೇ ದಿನ ಮೇಲ್ ಬಂತು. ಆರು ವಾರ, ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್, ಲ್ಯಾಪ್‌ಟಾಪ್ ನಮ್ಮದೇ ತರಬೇಕು, ಗೋಪ್ಯತೆಯ ಕರಾರಿಗೆ ಸಹಿ ಹಾಕಬೇಕು.

ವಕೀಲರೆಂದರೆ ನಮ್ಮ ಮನೆಗೆ ಭಯ

ಇಲ್ಲಿಂದ ಮುಂದಿನದೇ ಕಷ್ಟದ ಭಾಗ. ಅಪ್ಪ ಬೇಡ ಎಂದ.

ದುಡ್ಡಿನ ಲೆಕ್ಕ ಮೊದಲು ಹೇಳುತ್ತೇನೆ. ನಾವು ವಿಚಾರಿಸಿದ ಪಿಜಿಗಳಲ್ಲಿ ಮೂವರು ಹಂಚಿಕೊಳ್ಳುವ ರೂಮಿಗೆ ಊಟ ಸೇರಿ 8,000 ದಾಟುತ್ತಿತ್ತು. ಮೇಲೆ ಅಡ್ವಾನ್ಸ್. ಬಸ್ಸು, ಚಹಾ, ಮೊಬೈಲ್ ಎಲ್ಲ ಸೇರಿದರೆ ಆರು ವಾರಕ್ಕೆ ಕಡಿಮೆ ಎಂದರೂ ಆರೇಳು ಸಾವಿರ ಕೈಯಿಂದ ಹೋಗುತ್ತದೆ. ಸ್ಟೈಪೆಂಡ್ ಕೊಡದ ಫರ್ಮ್‌ಗಳೂ ಇವೆ ಎಂದ ಮೇಲೆ ಈ 8,000 ಒಳ್ಳೆಯದೇ. ಆದರೆ ಒಂದು ಸಂಗತಿ ಹೇಳಲೇಬೇಕು. ಪುಕ್ಕಟೆ ದುಡಿಸಿಕೊಳ್ಳುವ ಇಂಟರ್ನ್‌ಶಿಪ್ ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ ಅನುಭವ, ಮುದ್ದೇಬಿಹಾಳದವನಿಗೆ ಸಾಲ. ಅವನಿಗೂ ಒಂದು ಫರ್ಮ್ ಬಾ ಎಂದಿತು, ಸ್ಟೈಪೆಂಡ್ ಇಲ್ಲ. ಅವನ ಅಣ್ಣ ಗೋವಾದಲ್ಲಿ ದುಡಿದು ಕಳಿಸುವ ಹಣದಲ್ಲೇ ಫೀ ತುಂಬಬೇಕು. ಅವನು ಮೇಲ್‌ಗೆ ‘ಧನ್ಯವಾದ, ಬರಲಾಗುವುದಿಲ್ಲ’ ಎಂದು ಬರೆದು ಶೀಟಿನ ಕಾಲಂ ತುಂಬಿ ಊಟಕ್ಕೆ ಎದ್ದು ಹೋದ.

ಅಪ್ಪನ ವಿರೋಧ ಮಾತ್ರ ದುಡ್ಡಿನದಲ್ಲ. ನನ್ನ ಅಜ್ಜನ ಕಾಲದಲ್ಲಿ ಹೊಲದ ಪಾಲಿನ ವ್ಯಾಜ್ಯ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಜಗಳ ಹುಟ್ಟಿದ್ದು ನಾಲ್ಕು ಗುಂಟೆ ಬದುವಿಗೆ, ಖರ್ಚಿಗೆ ಮಾರಿದ್ದು ಒಂದು ಎಕರೆ. ವಕೀಲ, ತಾರೀಖು, ನಕಲು ಎಂಬ ಮೂರು ಶಬ್ದ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ದೊಡ್ಡ ದನಿಯಲ್ಲಿ ಆಡುವುದಿಲ್ಲ.

‘ಎಂಜಿನಿಯರ್ ಮಾಡ್ಲಿಕ್ಕೆ ಕಳಿಸೀನಿ ಯವ್ವಾ ನಿನ್ನ. ವಕೀಲರ ಕಡೆ ನಿಂದೇನ್ ಕೆಲಸ? ಕೋರ್ಟಿನ ಮೆಟ್ಟಿಲ ಹತ್ತಿದವರು ನಮ್ಮ ಮನ್ಯಾಗ ಯಾರೂ ಉದ್ಧಾರ ಆಗಿಲ್ಲ’ ಎಂದ ಅಪ್ಪ.

‘ಕರಿ ಕೋಟು ಹಾಕೋದಿಲ್ಲಪ್ಪಾ, ಕೋರ್ಟಿಗೆ ಹೋಗೋದಿಲ್ಲ. ಯಂತ್ರದ ಬಗ್ಗೆ ಬರಿಯೋದು’ ಅಂದೆ.

‘ಬೆಂಗಳೂರಾಗ ಯಾರ ಇದ್ದಾರ ನಿನಗ?’ ಎಂದು ಅವ್ವ ತನ್ನ ಚಿಂತೆ ಮುಂದಿಟ್ಟಳು. ನಮ್ಮ ಓಣಿಯ ಅರ್ಧ ಜನ ದುಡಿಯಲು ಹೋಗುವುದು ಪುಣೆ, ಗೋವಾ, ಬೆಂಗಳೂರಿಗೇ. ಗಂಡಸರು ಹೋದಾಗ ಈ ಪ್ರಶ್ನೆ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಎರಡು ದಿನ ಯಾರೂ ಈ ಮಾತೆತ್ತಲಿಲ್ಲ. ಮೂರನೇ ದಿನ ಅಪ್ಪ ತೋಟದಲ್ಲಿ ತಾನಾಗಿಯೇ ಕೇಳಿದ: ‘ನಮ್ಮ ಲಿಂಬಿಗೆ ಜಿಐ ಬಂತು ಅಂತ ಪೇಪರ್‌ನ್ಯಾಗ ಓದೀನಿ. ಅದೂ ಇಂಥವರೇ ಮಾಡೋದೇನು? ಬಂದದ್ದರಿಂದ ನನಗೇನ್ ಬಂತು?’

ಇದು ನನಗೆ ಯಾವ ಸಂದರ್ಶನದಲ್ಲೂ ಬಾರದಷ್ಟು ಕಠಿಣ ಪ್ರಶ್ನೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಇದಕ್ಕೆ 1999ರಲ್ಲಿ ಪ್ರತ್ಯೇಕ ಕಾಯ್ದೆ ಆಯಿತು, 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು, ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಪೇಟೆಂಟಿನಂತೆ ಇದು ಒಬ್ಬನ ಸ್ವತ್ತಲ್ಲ, ಆ ನೆಲದಲ್ಲಿ ಬೆಳೆಯುವ ಎಲ್ಲರದು. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಉಳಿಯುತ್ತದೆ. ಆದರೆ ಬೆಳೆಗಾರ ತನ್ನ ಹೆಸರನ್ನು ‘ಅಧಿಕೃತ ಬಳಕೆದಾರ’ ಎಂದು ನೋಂದಾಯಿಸಿಕೊಳ್ಳಬೇಕು. ಆಗಲೇ ಚೀಲದ ಮೇಲೆ ಆ ಗುರುತು ಹಾಕುವ ಹಕ್ಕು, ಬೇರೆ ಕಡೆಯ ಕಾಯಿಗೆ ಇಂಡಿ ಹೆಸರು ಹಚ್ಚಿ ಮಾರಿದರೆ ಕೇಳುವ ಹಕ್ಕು ಸಿಗುವುದು. 2020ರ ತಿದ್ದುಪಡಿಯಲ್ಲಿ ಅದರ ಅರ್ಜಿ ಶುಲ್ಕ 500ರಿಂದ 10 ರೂಪಾಯಿಗೆ ಇಳಿದಿದೆ. ಇಷ್ಟನ್ನು ಹೇಳಿದೆ.

ಅಪ್ಪ ಲಿಂಬಿ ಮುಳ್ಳು ತರಚಿದ ಕೈ ಒರೆಸಿಕೊಳ್ಳುತ್ತ, ‘ಹತ್ತೇ ರೂಪಾಯಿ? ಮತ್ತ ಇದನ್ನ ಯಾರೂ ಯಾಕ ಹೇಳಿಲ್ಲ?’ ಎಂದ. ಸಂಜೆ ಅವ್ವನ ಮುಂದೆ, ‘ಹೋಗಿ ಬರ್ಲಿ ಬಿಡು’ ಅಂದನಂತೆ. ನನ್ನ ಮುಂದೆ ಇವತ್ತಿಗೂ ಅಂದಿಲ್ಲ.

ವಕೀಲರ ಬಗ್ಗೆ ಅಪ್ಪನಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಇನ್ನೊಂದು ಮಾತು ಇತ್ತು, ಅದರ ಅಗತ್ಯ ಬೀಳಲಿಲ್ಲ. ವಿಜಯಪುರದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಡಾ. ಫ.ಗು. ಹಳಕಟ್ಟಿ ಅವರ ಹೆಸರಿದೆ. ಅವರು (1880–1964) ಈ ಊರಲ್ಲಿ ವಕೀಲರಾಗಿದ್ದವರು. ವಕೀಲಿ ಮಾಡುತ್ತಲೇ ಊರೂರು ತಿರುಗಿ ತಾಳೆಗರಿ ಹುಡುಕಿ, ಅಚ್ಚುಕೂಟ ಹಾಕಿ ವಚನಗಳನ್ನು ಪ್ರಕಟಿಸಿದರು. ಎಂಜಿನಿಯರ್ ವಕೀಲರ ಕಡೆ ಹೋಗುವುದು ವಿಚಿತ್ರ ಎನ್ನುವ ನಮ್ಮೂರಿನಲ್ಲೇ ಎಂಜಿನಿಯರ್‌ಗಳು ವಕೀಲರ ಹೆಸರಿನ ಕಟ್ಟಡದಲ್ಲಿ ಓದುತ್ತಿದ್ದಾರೆ.

ನಿಮ್ಮಲ್ಲಿ ಯಾರಿಗಾದರೂ ಈ ಕಡೆ ಮನಸ್ಸಿದ್ದರೆ, ದುಡ್ಡು ಖರ್ಚಿಲ್ಲದೆ ಶುರು ಮಾಡಬಹುದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಅಕಾಡೆಮಿ ನಡೆಸುವ ‘ಡಿಎಲ್–101’ ಎಂಬ ಪ್ರಾಥಮಿಕ ಕೋರ್ಸ್ ಆನ್‌ಲೈನ್‌ನಲ್ಲಿ ಉಚಿತ. 2021ರ ಡಿಸೆಂಬರ್‌ನಲ್ಲಿ ಶುರುವಾದ ಕೇಂದ್ರದ ‘ನಿಪಮ್’ ಕಾರ್ಯಕ್ರಮದಲ್ಲಿ ಪೇಟೆಂಟ್ ಕಚೇರಿಯ ಅಧಿಕಾರಿಗಳೇ ಕಾಲೇಜುಗಳಿಗೆ ಪಾಠ ಮಾಡುತ್ತಾರೆ, ನಿಮ್ಮ ಪ್ರಾಂಶುಪಾಲರನ್ನು ಕೇಳಿ ನೋಡಿ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಬಿ.ಇ. ಪ್ರಾಜೆಕ್ಟ್‌ಗಳಿಗೆ ಹಣ ಸಹಾಯ ಕೊಡುವುದೂ ಅದೇ ಮಂಡಳಿ. ನಿಮ್ಮದೇ ಆವಿಷ್ಕಾರ ಇದ್ದರೆ ಒಬ್ಬ ವ್ಯಕ್ತಿಯಾಗಿ ಆನ್‌ಲೈನ್ ಅರ್ಜಿ ಸಲ್ಲಿಸಲು ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ಬಹಳ ಜನ ಕೇಳುತ್ತಾರೆ. 2024ರಲ್ಲಿ ಅದು ಬಂದಾಗ 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ತಿಂಗಳಿಗೆ 5,000 ರೂಪಾಯಿ ಎಂದಿತ್ತು. ಓದುತ್ತಿರುವ ನಮಗೆ ಅದು ಹೊಂದುವುದಿಲ್ಲ, ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಅಕ್ಕ, ಅಣ್ಣಂದಿರು ನೋಡಬಹುದು.

ಸದ್ಯದ ಸ್ಥಿತಿ ಹೀಗಿದೆ. ಬಾಗೇವಾಡಿಯಾಕೆಗೆ ಹುಬ್ಬಳ್ಳಿಯ ಕಂಪನಿ ಸೆಕ್ರೆಟರಿ ಒಬ್ಬರ ಕಚೇರಿಯಲ್ಲಿ ತರಬೇತಿ ಸಿಕ್ಕಿದೆ. ಸಿಂದಗಿಯಾಕೆ ಬೆಂಗಳೂರಿನ ಫರ್ಮ್‌ಗಳಿಗೆ ಕಾಯುವುದನ್ನು ಬಿಟ್ಟು ಈ ರಜೆಯ ನಾಲ್ಕು ವಾರ ಕಲಬುರಗಿ ಹೈಕೋರ್ಟ್ ಪೀಠದ ವಕೀಲರೊಬ್ಬರ ಹತ್ತಿರ ಹೊರಟಿದ್ದಾಳೆ, ಅಲ್ಲಿ ತೆರಿಗೆ ಮತ್ತು ಕಂಪನಿ ಪ್ರಕರಣ ಹೆಚ್ಚಂತೆ. ಮುದ್ದೇಬಿಹಾಳದವ ಮನೆಯಿಂದಲೇ ಮಾಡಬಹುದಾದ ಪೇಟೆಂಟ್ ಹುಡುಕಾಟದ ಕೆಲಸ ಕೊಡುತ್ತೀರಾ ಎಂದು ಹೊಸದಾಗಿ 12 ಕಡೆ ಬರೆದಿದ್ದಾನೆ. ಎರಡು ಕಡೆಯಿಂದ ‘ರೆಸ್ಯೂಮೆ ಕಳಿಸಿ’ ಎಂದು ಬಂದಿದೆ, ಇನ್ನೂ ಖಚಿತವಿಲ್ಲ. ಶೀಟ್ ಅವನ ಹತ್ತಿರವೇ ಇದೆ. ನಮ್ಮ ಜೂನಿಯರ್‌ಗಳು ಆರು ಜನ ಅದರಲ್ಲಿ ತಮ್ಮ ಹೆಸರು ಸೇರಿಸಿದ್ದಾರೆ.

ನನಗೆ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬಂದಿದೆ. ಇಂಡಿ ರೋಡ್ ಸ್ಟೇಷನ್ನಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ. ಹೋಗುವ ಮುಂಚೆ ಮಾಡಿ ಮುಗಿಸಬೇಕಾದ ಕೆಲಸ ಒಂದಿದೆ. ಅಪ್ಪನ ‘ಅಧಿಕೃತ ಬಳಕೆದಾರ’ ಅರ್ಜಿ ತುಂಬಿಟ್ಟಿದ್ದೇನೆ, ಅದರ ಜೊತೆಗಿಡಲು ತೋಟದ ಪಹಣಿ ಪ್ರತಿ ತೆಗೆಸುವುದು ಬಾಕಿ. ನಾಳೆ ಬೆಳಿಗ್ಗೆ ಇಬ್ಬರೂ ಇಂಡಿಗೆ ಹೋಗುತ್ತೇವೆ.